ದರ್ಬಾರು ಪೋಷಾಕಿನ ಹಿರಿಯರು

ಮೈಸೂರಿನ ಚಾಮರಾಜಪುರಂ, ಲಕ್ಷ್ಮೀಪುರಂಗಳಲ್ಲಿ, ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಉಳಿದುಕೊಂಡಿರುವ ಹಳೆಯ ಮನೆಗಳ ನಡುಮನೆಯಲ್ಲಿ ಒಂದು ಬಗೆಯ ಫೋಟೋ ಇನ್ನೂ ಇರುತ್ತದೆ. ನಡುವಿನ ಕುರ್ಚಿಯಲ್ಲಿ ಮನೆಯ ಯಜಮಾನರು. ತಲೆಗೆ ಜರಿ ಪೇಟ, ಕತ್ತಿನವರೆಗೆ ಗುಂಡಿ ಹಾಕಿದ ಕಪ್ಪು ನಿಲುವಂಗಿ, ಹೆಗಲಿನಿಂದ ಇಳಿಬಿಟ್ಟ ಜರಿಯಂಚಿನ ವಲ್ಲಿ, ಎದೆಯ ಮೇಲೊಂದು ಪದಕ. ಎಡಬಲಕ್ಕೆ ತಮ್ಮಂದಿರು, ಅಳಿಯಂದಿರು. ಹಿಂದಿನ ಸಾಲಿನಲ್ಲಿ ಹೆಂಗಸರು. ಮುಂದೆ ಜಮಖಾನದ ಮೇಲೆ ಕಾಲು ಮಡಚಿ ಕೂತ ಮಕ್ಕಳು. ಕೆಳಗಿನ ರಟ್ಟಿನಲ್ಲಿ ಗಂಡಸರ ಹೆಸರು, ಹುದ್ದೆ, ಬಿರುದುಗಳು ಅಚ್ಚಾಗಿರುತ್ತವೆ. ಹೆಂಗಸರ ಹೆಸರು ಬಹುಮಟ್ಟಿಗೆ ಇರುವುದಿಲ್ಲ. ಯಾವುದೋ ಅಂಚಿನಲ್ಲಿ, ಹಟ ಮಾಡುವ ಕೂಸನ್ನು ಹಿಡಿದು ನಿಂತ ಆಳಿನ ತೋಳು ಮಾತ್ರ ಚೌಕಟ್ಟಿನೊಳಗೆ ಬಂದಿರುವುದೂ ಉಂಟು.

ಕುರ್ಚಿಯಲ್ಲಿ ಕೂತವರು ನಮ್ಮ ಮುತ್ತಾತನೋ ಮುತ್ತಾತನ ಅಣ್ಣನೋ ಆಗಿದ್ದರೆ ಅವರನ್ನು ನಾವು ಹೇಗೆ ನೆನೆಯಬೇಕು? ಕೆಲವರು ಆ ಹೆಸರನ್ನು ಮದುವೆಮನೆಯ ಪರಿಚಯದಲ್ಲಿ ಹೆಮ್ಮೆಯಿಂದ ಎತ್ತುತ್ತಾರೆ. ಇನ್ನು ಕೆಲವರಿಗೆ ಆ ಹೆಸರು ಬಂದರೇ ಸಂಕೋಚ. ಅದನ್ನು ದಾಟಿ ಬೇರೆ ಮಾತಿಗೆ ಹೋಗುತ್ತಾರೆ. ಎರಡೂ ದಾರಿ ತಪ್ಪು ಎಂಬುದು ನನ್ನ ನಂಬಿಕೆ. ವೈಭವದಲ್ಲಿ ಬಾಳಿದ ಹಿರಿಯರ ನೆನಪು ನಮ್ಮ ಮೇಲಿರುವ ಋಣ. ಆ ಋಣ ಕುರ್ಚಿಯಲ್ಲಿ ಕೂತವರೊಬ್ಬರಿಗೇ ಸಲ್ಲಿ ಮುಗಿಯುವಂಥದ್ದಲ್ಲ. ಆ ಮನೆಯನ್ನು ನಡೆಸಿದ ಎಲ್ಲರಿಗೂ ಅದರಲ್ಲಿ ಪಾಲಿದೆ. ಈ ಮಾತನ್ನು ಮೈಸೂರು ಸಂಸ್ಥಾನದ ಅಧಿಕಾರಸ್ಥ ಮನೆತನಗಳನ್ನೇ ಮುಂದಿಟ್ಟುಕೊಂಡು ವಾದಿಸುತ್ತೇನೆ.

1831ರಿಂದ ಐವತ್ತು ವರ್ಷ ಬ್ರಿಟಿಷ್ ಕಮೀಷನರುಗಳ ಆಡಳಿತದಲ್ಲಿದ್ದ ಮೈಸೂರು 1881ರಲ್ಲಿ ಒಡೆಯರ ಮನೆತನಕ್ಕೆ ಮರಳಿತು. ಅಲ್ಲಿಂದ 1947ರವರೆಗೆ ದಿವಾನರು, ಕೌನ್ಸಿಲರುಗಳು, ಡೆಪ್ಯುಟಿ ಕಮೀಷನರುಗಳು, ಅಮಲ್ದಾರರು, ಅರಮನೆಯ ಬಕ್ಷಿಗಳು ಸೇರಿ ಒಂದು ಪುಟ್ಟ ಲೋಕವೇ ಬೆಳೆಯಿತು. ಆ ಲೋಕದ ಕೆಲಸ ಸಣ್ಣದಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. 1916ರಲ್ಲಿ ವಿಶ್ವವಿದ್ಯಾನಿಲಯ ಹುಟ್ಟಿತು. ಜೊತೆಗೆ ಆ ಲೋಕಕ್ಕೆ ತನ್ನದೇ ಮರ್ಯಾದೆಗಳ ಏಣಿಯೂ ಇತ್ತು. ರಾಜಸೇವಾಸಕ್ತ, ರಾಜಮಂತ್ರಪ್ರವೀಣ, ರಾಜಸಭಾಭೂಷಣ ಎಂಬ ಬಿರುದುಗಳು ಅರಮನೆಯಿಂದ ಬರುತ್ತಿದ್ದವು; ರಾವ್ ಬಹದ್ದೂರ್, ದಿವಾನ್ ಬಹದ್ದೂರ್‌ಗಳು ಬ್ರಿಟಿಷ್ ಸರ್ಕಾರದಿಂದ. ದಸರಾ ದರ್ಬಾರಿನಲ್ಲಿ ಯಾರು ಎಲ್ಲಿ ಕೂರಬೇಕು, ಏನು ಉಡಬೇಕು ಎಂಬುದಕ್ಕೆ ಕಟ್ಟುನಿಟ್ಟಾದ ಕ್ರಮವಿತ್ತು. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಮಯದಲ್ಲಿ ಮರದ ಅರಮನೆ ಸುಟ್ಟುಹೋಯಿತು. ಹೆನ್ರಿ ಇರ್ವಿನ್ನರ ನಕ್ಷೆಯ ಹೊಸ ಅರಮನೆ 1912ರ ಹೊತ್ತಿಗೆ ಮುಗಿಯಿತು. ಈಗ ಪ್ರವಾಸಿಗರು ಟಿಕೆಟ್ಟು ಕೊಂಡು ನೋಡುವ ಆ ಕಂಬಗಳ ಸಾಲಿನಲ್ಲಿ ನಮ್ಮ ಎಷ್ಟೋ ಮನೆಗಳ ಮುತ್ತಾತಂದಿರು ಕೈಕಟ್ಟಿ ನಿಂತಿದ್ದರು.

ಮೊದಲು ಹೆಮ್ಮೆಯ ದಾರಿಯನ್ನು ನೋಡೋಣ. ಮುತ್ತಾತ ದೊಡ್ಡ ಹುದ್ದೆಯಲ್ಲಿದ್ದರು ಎಂದು ಹೇಳಿಕೊಳ್ಳುವಾಗ ನಾವು ನಿಜವಾಗಿ ಏನು ಹೇಳುತ್ತೇವೆ? ಅವರು ಬುದ್ಧಿವಂತರಾಗಿದ್ದರು, ಲಂಚ ಮುಟ್ಟಲಿಲ್ಲ, ಬರದ ವರ್ಷ ಕುದುರೆ ಮೇಲೆ ತಾಲ್ಲೂಕು ಸುತ್ತಿದರು ಎಂದಾದರೆ ಅದು ಅವರ ಗುಣದ ಮಾತು. ಗುಣ ಕಾಗದಪತ್ರದ ಮೂಲಕ ವರ್ಗವಾಗುವುದಿಲ್ಲ. ಲಂಚ ಮುಟ್ಟದವರ ಮೊಮ್ಮಗ ಲಂಚ ಮುಟ್ಟದಿದ್ದರೆ ಅದು ಆತನದೇ ಸಾಧನೆ. ಮುಟ್ಟಿದರೆ ತಾತನ ಹೆಸರು ಆತನನ್ನು ಕಾಯುವುದಿಲ್ಲ. ಹಾಗಾಗಿ ಹೆಮ್ಮೆ ಗುಣದ ಮೇಲೆ ನಿಲ್ಲಲಾರದೆ ಬಿರುದಿನ ಕಡೆಗೆ, ಮನೆಯ ವಿಸ್ತಾರದ ಕಡೆಗೆ, ಯಾವ ದಿವಾನರು ಊಟಕ್ಕೆ ಬಂದಿದ್ದರು ಎಂಬುದರ ಕಡೆಗೆ ಸರಿಯುತ್ತದೆ. ನೆನಪಿನಲ್ಲಿ ಮನುಷ್ಯ ಹಿಂದಕ್ಕೆ ಹೋಗಿ ಪೇಟ ಮುಂದಕ್ಕೆ ಬರುವುದು ಇಲ್ಲೇ.

ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮೋರಿಸ್ ಹಾಲ್ಬ್‌ವಾಕ್ಸ್ ಸ್ಮೃತಿಯ ಸಾಮಾಜಿಕ ಚೌಕಟ್ಟುಗಳನ್ನು ಕುರಿತು 1925ರಲ್ಲಿ ಬರೆದ ಗ್ರಂಥದಲ್ಲಿ ಇದರ ಮೂಲವನ್ನು ತೋರಿಸಿದ್ದಾರೆ. ಯಾರೂ ಒಬ್ಬರೇ ನೆನೆಯುವುದಿಲ್ಲ. ಮನೆ, ಮತ, ವರ್ಗ ಹಾಕಿಕೊಟ್ಟ ಚೌಕಟ್ಟಿನಲ್ಲೇ ನೆನೆಯುತ್ತೇವೆ ಎಂಬುದು ಅವರ ಮುಖ್ಯ ವಿಚಾರ. ಶ್ರೀಮಂತ ಕುಲೀನರ ಬಗ್ಗೆ ಅವರು ಹೇಳುವ ಮಾತು ನಮ್ಮ ಸಂದರ್ಭಕ್ಕೂ ಒಪ್ಪುತ್ತದೆ: ಆ ವರ್ಗದ ಸ್ಥಾನಮಾನ ನಿಂತಿದ್ದೇ ನೆನಪಿನ ಮೇಲೆ. ಯಾರ ವಂಶ ಯಾವುದು, ಯಾರ ಮನೆಗೆ ಯಾವ ಮರ್ಯಾದೆ ಎಂಬುದನ್ನು ಎಲ್ಲರೂ ನೆನಪಿಟ್ಟುಕೊಂಡಿದ್ದರಿಂದಲೇ ಬಿರುದಿಗೆ ಬೆಲೆಯಿತ್ತು. ಎಂದರೆ ಆ ಕಾಲದವರಿಗೆ ವಂಶದ ನೆನಪು ಒಂದು ಆಸ್ತಿ. ಮೈಸೂರು ಸಂಸ್ಥಾನವೇ ಇಲ್ಲದ ಮೇಲೂ ನಾವು ಅದೇ ಧಾಟಿಯಲ್ಲಿ ನೆನೆಯುತ್ತ ಹೋದರೆ ಪ್ರೀತಿಸಬೇಕಾದ ಹಿರಿಯರನ್ನು ಆಸ್ತಿಯಾಗಿ ಬಳಸಿದಂತಾಗುತ್ತದೆ.

ಎರಡನೆಯ ದಾರಿ ನಿರಾಕರಣೆಯದು. ಇದರ ಹಿಂದೆ ಗಟ್ಟಿಯಾದ ನೈತಿಕ ಕಾರಣವಿದೆ, ಅದನ್ನು ಪೂರ್ತಿಯಾಗಿ ಕೇಳಬೇಕು. ಸಂಸ್ಥಾನದ ಸರ್ಕಾರಿ ನೌಕರಿಯಲ್ಲಿ ಬ್ರಾಹ್ಮಣರೇ ತುಂಬಿದ್ದರು. 1917ರಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿ ಉಳಿದ ಸಮುದಾಯಗಳ ಪಾಲನ್ನು ಕೇಳಿತು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧವಾದರೂ, ಕೆಳಗಿನ ಹುದ್ದೆಗಳಲ್ಲಿ ಮೂರನೆಯ ಎರಡು ಪಾಲಾದರೂ ಹಿಂದುಳಿದ ಸಮುದಾಯಗಳಿಗೆ ಸಿಗಬೇಕು ಎಂದು ಅದು 1919ರಲ್ಲಿ ಶಿಫಾರಸು ಮಾಡಿತು. ದಿವಾನ್ ವಿಶ್ವೇಶ್ವರಯ್ಯನವರಿಗೆ ಈ ನೀತಿ ಮೊದಲಿನಿಂದಲೂ ಒಪ್ಪಿಗೆಯಿರಲಿಲ್ಲ. ಶಿಫಾರಸು ಬರುವ ಮೊದಲೇ, 1918ರ ಕೊನೆಯಲ್ಲಿ, ಅವರು ಹುದ್ದೆ ಬಿಟ್ಟರು. ದಕ್ಷತೆಯೇ ಮುಖ್ಯ ಎಂದು ಪ್ರಾಮಾಣಿಕವಾಗಿ ನಂಬಿದ ಹಿರಿಯರು ಒಂದು ಕಡೆ, ಶತಮಾನಗಳಿಂದ ಅಕ್ಷರದ ಬಾಗಿಲು ಮುಚ್ಚಿಸಿಕೊಂಡಿದ್ದ ಜನ ಇನ್ನೊಂದು ಕಡೆ. ಇದನ್ನು ಓದಿದ ಇಂದಿನ ತರುಣಿಗೆ ತನ್ನ ಮುತ್ತಾತನ ಪದಕ ಹೊಳೆಯುವುದು ಕಷ್ಟ. ಆ ಪದಕದ ಹಿಂದೆ ಹೊರಗೇ ಉಳಿದವರ ಸಾಲು ಕಾಣುತ್ತದೆ. ಇಂಥವರನ್ನು ನೆನೆಯುವುದಾದರೂ ಏಕೆ ಎಂದು ಅವಳು ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ.

ಆದರೆ ನಿರಾಕರಣೆಗೆ ಒಂದು ದೊಡ್ಡ ದೋಷವಿದೆ. ಮುತ್ತಾತನ ಹೆಸರನ್ನು ಬಿಟ್ಟುಬಿಡುವುದು ಸುಲಭ, ಮುತ್ತಾತನಿಂದ ಬಂದದ್ದನ್ನು ಬಿಡುವುದು ಸುಲಭವಲ್ಲ. ಮೂರು ತಲೆಮಾರಿನ ಓದು, ಇಂಗ್ಲಿಷ್, ಕಚೇರಿಯಲ್ಲಿ ಅಂಜದೆ ಮಾತಾಡುವ ಅಭ್ಯಾಸ, ಎಕ್ಸ್‌ಟೆನ್ಷನ್ನಿನ ಸೈಟು, ಒಬ್ಬರಿಗೊಬ್ಬರು ನೆರವಾಗುವ ನೆಂಟರ ಬಳಗ ಇವೆಲ್ಲ ಆ ಕುರ್ಚಿಯಿಂದ ಇಳಿದು ನಮ್ಮ ಕೈಗೆ ಬಂದಿವೆ. ಹಿರಿಯರನ್ನು ಮರೆತವನು ತನ್ನ ಗಳಿಕೆಯೆಲ್ಲ ತನ್ನದೇ ದುಡಿಮೆ ಎಂದು ಬೇಗ ನಂಬುತ್ತಾನೆ. ಸಾಲ ಮಾಡಿದ ಅಪ್ಪನ ಹೆಸರು ಅಳಿಸಿ ಮನೆ ಮಾತ್ರ ಉಳಿಸಿಕೊಂಡಂತೆ ಅದು. ನ್ಯಾಯದ ಹೆಸರಿನಲ್ಲಿ ಶುರುವಾದ ಮರೆವು ಕೊನೆಗೆ ಅನ್ಯಾಯದ ಲೆಕ್ಕವನ್ನೇ ಮುಚ್ಚಿಹಾಕುತ್ತದೆ. ಸಮಾನತೆಯನ್ನು ನಿಜವಾಗಿ ಬಯಸುವವರಿಗೆ ತಮ್ಮ ಮನೆಯ ಚರಿತ್ರೆ ಇನ್ನಷ್ಟು ಚೆನ್ನಾಗಿ ನೆನಪಿರಬೇಕು.

ಇಲ್ಲಿ ಒಂದು ಸಮಾಧಾನದ ಮಾತು ಮುಂದೆ ಬರುತ್ತದೆ: ‘ಆಗಿನ ಕಾಲ ಹಾಗಿತ್ತು, ಅವರನ್ನು ಈಗಿನ ಕಣ್ಣಿನಲ್ಲಿ ನೋಡಬಾರದು.’ ಇದರಲ್ಲಿ ಅರ್ಧ ಸತ್ಯವಿದೆ. ಯಾರಿಗೂ ಕೇಳಿಸದ ದನಿಗೆ ಕಿವಿಗೊಡಲಿಲ್ಲವೆಂದು ಯಾರನ್ನೂ ದೂರಲಾಗದು. ಆದರೆ ಆ ಕಾಲದಲ್ಲೇ ದನಿಗಳಿದ್ದವು. ಮೈಸೂರು ಸರ್ಕಾರ 1894ರಲ್ಲೇ ಶಿಶುವಿವಾಹ ತಡೆಯುವ ಕಾಯಿದೆ ತಂದಿತು. ಎಂಟು ವರ್ಷದೊಳಗಿನ ಹುಡುಗಿಯ ಮದುವೆಯನ್ನೂ, ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯನ್ನು ಮದುವೆಯಾಗುವುದನ್ನೂ ಅದು ನಿಷೇಧಿಸಿತು. ಇಷ್ಟು ಕನಿಷ್ಠ ಮಿತಿಗೂ ಕಾನೂನೇ ಬೇಕಾಯಿತು ಎಂಬುದರಲ್ಲೇ ಒಂಬತ್ತು ಹತ್ತು ವರ್ಷದ ಹುಡುಗಿಯರ ಗತಿ ಏನಿತ್ತೆಂದು ತಿಳಿಯುತ್ತದೆ. ಚಿಕ್ಕ ವಯಸ್ಸಿನಲ್ಲೇ ವಿಧವೆಯಾದ ನಂಜನಗೂಡು ತಿರುಮಲಾಂಬ ತಾವೇ ಕಾದಂಬರಿ ಬರೆದು ‘ಸತೀಹಿತೈಷಿಣಿ’ ಗ್ರಂಥಮಾಲೆಯಲ್ಲಿ ಪ್ರಕಟಿಸಿದರು. ಆರ್. ಕಲ್ಯಾಣಮ್ಮ ಅಂಥದೇ ಬಾಳಿನಿಂದ ಎದ್ದು ಬಂದು 1913ರಲ್ಲಿ ಬೆಂಗಳೂರಿನಲ್ಲಿ ಶಾರದಾ ಸ್ತ್ರೀ ಸಮಾಜ ಕಟ್ಟಿದರು, ‘ಸರಸ್ವತಿ’ ಪತ್ರಿಕೆ ನಡೆಸಿದರು. ಅವರಿಬ್ಬರೂ ಅದೇ ಬೀದಿಗಳ, ಅದೇ ಜಾತಿಯ, ಅದೇ ಕಾಲದ ಹೆಂಗಸರು.

ಆದ್ದರಿಂದ ಹಿರಿಯರನ್ನು ತೂಗುವ ಸರಿಯಾದ ತಕ್ಕಡಿ ಅವರ ಕಾಲದಲ್ಲೇ ಸಿಗುತ್ತದೆ. ಅವರ ಕಿವಿಗೆ ಬೀಳುವಷ್ಟು ಹತ್ತಿರದಲ್ಲಿ ಯಾರು ಮಾತಾಡುತ್ತಿದ್ದರು? ಅವರು ಕೇಳಿಸಿಕೊಂಡರೇ? ಕೇಳಿಸಿಕೊಂಡು ಏನು ಮಾಡಿದರು? ಕಚೇರಿಯಲ್ಲಿ ಶಿಶುವಿವಾಹದ ವಿರುದ್ಧ ಟಿಪ್ಪಣಿ ಬರೆದವರು ಮನೆಗೆ ಬಂದು ಹತ್ತು ವರ್ಷದ ಮಗಳ ಜಾತಕ ಹೊರಗೆ ತೆಗೆಯುವುದು ಆ ಮನೆಗಳಲ್ಲಿ ಸಾಧ್ಯವಿತ್ತು. ಅವರನ್ನು ಬರಿಯ ಕಪಟಿ ಎಂದು ತಳ್ಳಿಹಾಕಿದರೆ ನಾವು ಏನನ್ನೂ ಕಲಿಯುವುದಿಲ್ಲ. ಅಮ್ಮನ ಅಳು, ಬೀಗರ ಮಾತು, ಮಠದ ಬಹಿಷ್ಕಾರದ ಭಯ ಇವುಗಳ ನಡುವೆ ಒಬ್ಬ ಒಳ್ಳೆಯ ಮನುಷ್ಯ ಹೇಗೆ ಸೋಲುತ್ತಾನೆ ಎಂದು ತಿಳಿಯುವುದು ಮುಖ್ಯ. ಏಕೆಂದರೆ ನಾವೂ ಸೋಲುವುದು ಹಾಗೆಯೇ, ಬೇರೆ ವಿಷಯಗಳಲ್ಲಿ.

ಹೀಗೆ ಪೂರ್ತಿಯಾಗಿ ನೆನೆಯುವುದು ಸಾಧ್ಯವೇ ಎಂಬ ಅನುಮಾನಕ್ಕೆ ಸಿಸಿಲಿಯಿಂದ ಒಂದು ಉತ್ತರವಿದೆ. ಜುಸೆಪ್ಪೆ ತೊಮಾಸಿ ದಿ ಲಾಂಪೆದೂಸ ಒಂದು ಪ್ರಾಚೀನ ಕುಲೀನ ಮನೆತನದ ಕೊನೆಯ ಕುಡಿ. ಪಾಲೆರ್ಮೊದಲ್ಲಿದ್ದ ಅವರ ಮನೆ 1943ರ ಏಪ್ರಿಲ್‌ನಲ್ಲಿ ಮಿತ್ರಪಡೆಗಳ ಬಾಂಬಿಗೆ ನೆಲಸಮವಾಯಿತು. ಜೀವನದ ಕೊನೆಯ ಕೆಲವೇ ವರ್ಷಗಳಲ್ಲಿ ಅವರು ತಮ್ಮ ಮುತ್ತಾತನನ್ನು ಮಾದರಿಯಾಗಿಟ್ಟುಕೊಂಡು ‘ಇಲ್ ಗತ್ತೊಪಾರ್ದೊ’ ಕಾದಂಬರಿ ಬರೆದರು. ಆ ಮುತ್ತಾತ ಖಗೋಳ ಶಾಸ್ತ್ರದಲ್ಲಿ ಆಸಕ್ತಿಯಿದ್ದ, ಪ್ರಿನ್ಸ್ ಪದವಿಯ ಒಬ್ಬ ಕುಲೀನ. 1860ರಲ್ಲಿ ಗ್ಯಾರಿಬಾಲ್ಡಿ ಸಿಸಿಲಿಗೆ ಇಳಿದಾಗ ತನ್ನ ಲೋಕ ಮುಗಿಯುತ್ತಿದೆ ಎಂದು ಕಂಡುಕೊಂಡ ಒಬ್ಬ ದೊಡ್ಡಮನುಷ್ಯನ ಕಥೆ ಅದು. ಹಸ್ತಪ್ರತಿಯನ್ನು ಪ್ರಕಾಶಕರು ತಿರಸ್ಕರಿಸಿದರು. ಲೇಖಕರು 1957ರಲ್ಲಿ ತೀರಿಕೊಂಡರು. ಪುಸ್ತಕ 1958ರಲ್ಲಿ ಹೊರಬಂದು ಮರುವರ್ಷ ಇಟಲಿಯ ಸ್ತ್ರೇಗಾ ಪ್ರಶಸ್ತಿ ಪಡೆಯಿತು.

ಲಾಂಪೆದೂಸ ಮುತ್ತಾತನನ್ನು ಪೂಜಿಸಲಿಲ್ಲ, ದೂಷಿಸಲೂ ಇಲ್ಲ. ಆತನ ಬುದ್ಧಿ, ಸಿಟ್ಟು, ಕಾಮ, ಹೆಂಡತಿಯ ಮೇಲಿನ ದರ್ಪ, ಸಾವಿನ ಯೋಚನೆ ಎಲ್ಲವನ್ನೂ ಒಂದೇ ದೇಹದೊಳಗೆ ಇಟ್ಟರು. ಕಾದಂಬರಿಯ ಕೊನೆಯ ಭಾಗ 1910ರಲ್ಲಿ ನಡೆಯುತ್ತದೆ. ಮುದುಕಿಯರಾದ ಹೆಣ್ಣುಮಕ್ಕಳು ಜೀವಮಾನವೆಲ್ಲ ಪೂಜಿಸಿಕೊಂಡು ಬಂದ ಸಂತರ ಪವಿತ್ರ ಅವಶೇಷಗಳನ್ನು ಚರ್ಚಿನ ಅಧಿಕಾರಿಗಳು ಪರೀಕ್ಷಿಸಿ, ಬಹುಪಾಲನ್ನು ಖೋಟಾ ಎಂದು ಹೊರಗೆ ಹಾಕಿಸುತ್ತಾರೆ. ತನ್ನ ಮನೆತನದ ಬಗ್ಗೆ ಬರೆಯುವವನು ಹೀಗೊಂದು ಅಧ್ಯಾಯ ಬರೆಯಲು ದೊಡ್ಡ ಧೈರ್ಯ ಬೇಕು. ಮನೆಯಲ್ಲಿ ಪೂಜೆಗೆ ಇಟ್ಟ ಕಥೆಗಳನ್ನೂ ಪರೀಕ್ಷೆಗೆ ಒಡ್ಡಬೇಕು. ಸುಳ್ಳಾದದ್ದು ಹೋದ ಮೇಲೂ ಮನುಷ್ಯ ಉಳಿಯುತ್ತಾನೆ. ಹಿರಿಯರ ಮನೆಯನ್ನೇ ಕಳೆದುಕೊಂಡಿದ್ದ ಮರಿಮಗ ಮುತ್ತಾತನಿಗೆ ಸಲ್ಲಿಸಿದ ನಿಜವಾದ ಗೌರವ ಅದು.

ನಮ್ಮಲ್ಲೂ ಇದಕ್ಕೆ ಹತ್ತಿರದ ಮಾದರಿಯಿದೆ. ಡಿ.ವಿ.ಜಿ. ತಮ್ಮ ‘ಜ್ಞಾಪಕ ಚಿತ್ರಶಾಲೆ’ಯಲ್ಲಿ ದಿವಾನರಿಗೆ ಒಂದು ಸಂಪುಟ ಕೊಟ್ಟರು. ಅದೇ ಸಾಲಿನಲ್ಲಿ ವೈದಿಕರಿಗೆ, ಕಲಾವಿದರಿಗೆ, ಹೆಸರಿಲ್ಲದ ಹೃದಯವಂತರಿಗೂ ಸಂಪುಟಗಳನ್ನು ಕೊಟ್ಟರು. ದಿವಾನರ ಪಕ್ಕದಲ್ಲಿ ಅಡಿಗೆಯವರೂ ನಿಲ್ಲಬಹುದಾದ ಆ ಪಂಕ್ತಿಯೇ ಒಂದು ವಿಚಾರ. ಅಲ್ಲಿ ಮನುಷ್ಯರನ್ನು ಹುದ್ದೆಯಿಂದ ಎತ್ತಿ ಗುಣದ ಮೇಲೆ ಕೂರಿಸಲಾಗಿದೆ.

ಇನ್ನೂ ಹಳೆಯ ಮಾದರಿ ನಮ್ಮ ಪಿತೃಕಾರ್ಯದಲ್ಲಿದೆ. ತರ್ಪಣ ಬಿಡುವವನು ಜನಿವಾರವನ್ನು ಬಲ ಹೆಗಲಿಗೆ ಮಾಡಿಕೊಂಡು, ದಕ್ಷಿಣಕ್ಕೆ ಮುಖ ಮಾಡಿ ಕೂರುತ್ತಾನೆ. ಬೆರಳಿಗೆ ದರ್ಭೆಯ ಪವಿತ್ರ. ಹೆಬ್ಬೆರಳು ತೋರುಬೆರಳುಗಳ ನಡುವಿನಿಂದ ಎಳ್ಳುನೀರು ಇಳಿಯುತ್ತದೆ. ಗೋತ್ರ ಹೇಳಿ, ಹೆಸರು ಹೇಳಿ, ತಂದೆಯನ್ನು ವಸುರೂಪದಲ್ಲಿ, ತಾತನನ್ನು ರುದ್ರರೂಪದಲ್ಲಿ, ಮುತ್ತಾತನನ್ನು ಆದಿತ್ಯರೂಪದಲ್ಲಿ ನೆನೆಯುತ್ತಾನೆ. ಅಲ್ಲಿ ದಿವಾನ್ ಬಹದ್ದೂರ್ ಎಂಬುದಕ್ಕೆ ಜಾಗವಿಲ್ಲ. ಪದಕ, ಪಿಂಚಣಿ, ಬಂಗಲೆ ಯಾವುದೂ ಮಂತ್ರದೊಳಗೆ ಬರುವುದಿಲ್ಲ. ಅಮಲ್ದಾರರಿಗೂ ಅಡಿಗೆಯವರಿಗೂ ಅದೇ ಅಳತೆಯ ನೀರು. ಫೋಟೋದ ರಟ್ಟಿನ ಮೇಲೆ ಸಿಗದ ಅಜ್ಜಿ, ಮುತ್ತಜ್ಜಿಯರ ಹೆಸರುಗಳು ಇಲ್ಲಿ ಬೇಕೇ ಬೇಕು; ಗೊತ್ತಿಲ್ಲದಿದ್ದರೆ ಪುರೋಹಿತರು ಕೈ ನಿಲ್ಲಿಸಿ ಕೇಳುತ್ತಾರೆ. ಈ ವಿಧಿಗೆ ಜಾತಿಯ ಬೇಲಿಯಿದೆ, ಗಂಡಸಿನ ಕೈಯೇ ಬೇಕೆಂಬ ಕಟ್ಟಳೆಯಿದೆ. ಅವನ್ನು ನಾನು ಸಮರ್ಥಿಸುವುದಿಲ್ಲ. ಆದರೆ ನೆನೆಯುವ ಹೊತ್ತಿನಲ್ಲಿ ಅಂತಸ್ತನ್ನು ಹೊರಗಿಡಬೇಕು ಎಂಬ ಅದರ ತಿಳಿವಳಿಕೆಯನ್ನು ಬೇಲಿಯಾಚೆಗೂ ತರಬಹುದು.

ಮಹಾಲಯದಲ್ಲಿ, ಗಯೆಯಲ್ಲಿ ಇಡುವ ಧರ್ಮಪಿಂಡ ಇನ್ನೂ ಮುಂದೆ ಹೋಗುತ್ತದೆ. ತಂದೆಯ ವಂಶ, ತಾಯಿಯ ವಂಶ ಮುಗಿದ ಮೇಲೆ, ಆ ಎರಡು ವಂಶಗಳಿಗೆ ದಾಸರಾಗಿ, ಆಳುಗಳಾಗಿ, ಆಶ್ರಿತರಾಗಿ ಬಾಳಿದವರನ್ನು, ಗೆಳೆಯರನ್ನು, ಶಿಷ್ಯರನ್ನು, ಕೊನೆಗೆ ದನಕರುಗಳನ್ನೂ ಮರಗಳನ್ನೂ ನೆನೆದು ಒಂದು ಪಿಂಡ. ಒಂದು ಮನೆ ಯಾರ ಯಾರ ದುಡಿಮೆಯಿಂದ ನಿಂತಿತು ಎಂಬ ಪೂರ್ತಿ ಪಟ್ಟಿ ಅದು. ಪಟ್ಟಿ ಮಾಡಿದವರಿಗೆ ಸತ್ಯ ಗೊತ್ತಿತ್ತು. ಆದರೆ ಅದರಲ್ಲಿ ಆಳುಗಳು ಒಟ್ಟಾಗಿ ಬರುತ್ತಾರೆ, ಹೆಸರಾಗಿ ಬರುವುದಿಲ್ಲ. ನಮ್ಮ ಪಾಲಿನ ಕೆಲಸ ಅಲ್ಲಿಂದ ಆರಂಭವಾಗಬೇಕು.

ಇಸ್ರೇಲಿನ ತತ್ವಜ್ಞಾನಿ ಅವಿಶಾಯ್ ಮಾರ್ಗಲಿತ್ ಸ್ಮೃತಿಯ ನೀತಿಯನ್ನು ಕುರಿತ ತಮ್ಮ 2002ರ ಪುಸ್ತಕದಲ್ಲಿ, ತನ್ನ ಕೈಕೆಳಗೆ ಸತ್ತ ಸೈನಿಕನ ಹೆಸರನ್ನು ಮರೆತ ಸೇನಾಧಿಕಾರಿಯೊಬ್ಬನ ಪ್ರಸಂಗವನ್ನು ಎತ್ತುತ್ತಾರೆ. ಹೆಸರು ಮರೆತದ್ದು ಜನರಿಗೆ ಏಕೆ ಅಷ್ಟು ನೋವು ತಂದಿತು? ಅಕ್ಕರೆಯಿದ್ದಲ್ಲಿ ನೆನಪಿರಬೇಕು ಎಂದು ನಾವೆಲ್ಲ ಒಳಗೊಳಗೇ ನಂಬಿದ್ದೇವೆ. ನೆನಪಿಲ್ಲದಿದ್ದರೆ ಅಕ್ಕರೆಯ ಮೇಲೇ ಅನುಮಾನ ಬರುತ್ತದೆ. ಗಾಢ ಸಂಬಂಧಗಳು ನೆನೆಯುವ ಹೊಣೆಯನ್ನು ತರುತ್ತವೆ ಎಂಬುದು ಅವರ ವಾದ. ಇದನ್ನು ನಮ್ಮ ದೊಡ್ಡ ಮನೆಗಳಿಗೆ ಅನ್ವಯಿಸಿದರೆ ಒಂದು ಪ್ರಶ್ನೆ ಎದ್ದು ನಿಲ್ಲುತ್ತದೆ. ಹಳೆಯ ಆಳುಕಾಳುಗಳ ಮಾತು ಬಂದಾಗ ‘ಅವರು ನಮ್ಮ ಮನೆಯವರ ಹಾಗೇ ಇದ್ದರು’ ಎನ್ನುತ್ತೇವೆ. ಮನೆಯವರ ಹಾಗೇ ಇದ್ದವರ ಹೆಸರೇನು? ಯಾವ ಊರು? ಅವರ ಮಕ್ಕಳು ಈಗ ಎಲ್ಲಿದ್ದಾರೆ? ಇದಕ್ಕೆ ಉತ್ತರವಿಲ್ಲದಿದ್ದರೆ ಆ ಮಾತನ್ನು ಆಡುವ ಅಧಿಕಾರ ನಮಗಿಲ್ಲ.

ಜಮೀನಿನ ನೆನಪೂ ಹೀಗೆಯೇ. ‘ಟೆನೆನ್ಸಿಯಲ್ಲಿ ಜಮೀನು ಹೋಯಿತು’ ಎಂದು ನಮ್ಮ ಅನೇಕ ಮನೆಗಳಲ್ಲಿ ಇಂದಿಗೂ ನಿಟ್ಟುಸಿರಿನೊಂದಿಗೆ ಹೇಳುತ್ತಾರೆ. ಆ ಸಂಕಟ ಸುಳ್ಳಲ್ಲ. ಗೇಣಿಯ ಭತ್ತವೊಂದನ್ನೇ ನಂಬಿಕೊಂಡಿದ್ದ ವಿಧವೆಯರಿಗೆ ಅದು ದೊಡ್ಡ ಪೆಟ್ಟಾಗಿತ್ತು. ಆದರೆ 1974ರ ಭೂಸುಧಾರಣೆಯಲ್ಲಿ ಆ ಜಮೀನು ಎಲ್ಲಿಗೂ ಹೋಗಲಿಲ್ಲ. ತಲೆಮಾರುಗಳಿಂದ ಅದನ್ನು ಉತ್ತವರ ಹೆಸರಿಗೆ ಬಂತು. ಆ ಕಾನೂನನ್ನು ಜಾರಿಗೆ ತಂದ ಮುಖ್ಯಮಂತ್ರಿ ದೇವರಾಜ ಅರಸರು ಒಡೆಯರ ಬಳಗವಾದ ಅರಸು ಸಮುದಾಯದಲ್ಲೇ ಹುಟ್ಟಿದವರು ಎಂಬುದನ್ನೂ ನೆನೆಯಬೇಕು. ಹಿರಿಯರು ಎಲ್ಲಿ ನಿಂತಿದ್ದರೋ ಮಕ್ಕಳೂ ಅಲ್ಲೇ ನಿಲ್ಲಬೇಕೆಂಬ ಕಟ್ಟು ಯಾರ ಮೇಲೂ ಇಲ್ಲ. ಒಂದು ಮನೆಯ ಕಥೆಯಲ್ಲಿ ‘ಹೋಯಿತು’ ಎಂದಿರುವುದು ಇನ್ನೊಂದು ಮನೆಯ ಕಥೆಯಲ್ಲಿ ‘ಬಂತು’ ಎಂದಿರುತ್ತದೆ. ಎರಡನ್ನೂ ಒಟ್ಟಿಗೆ ಹೇಳಿದಾಗಲೇ ನೆನಪು ಪೂರ್ತಿಯಾಗುತ್ತದೆ.

ಇಷ್ಟೆಲ್ಲ ಕೇಳಿದರೆ ಪ್ರೀತಿ ಒಣಗುವುದಿಲ್ಲವೇ? ತಾತನನ್ನು ನೆನೆಯಲು ಕೂತವರು ವಿಚಾರಣೆ ನಡೆಸುವಂತಾಗುವುದಿಲ್ಲವೇ? ನನ್ನ ಅನುಭವ ಬೇರೆ. ಬಿರುದಾವಳಿಯ ತಾತ ದೂರದವರು, ಎಲ್ಲರಿಗೂ ಒಂದೇ. ಬಿಸಿನೀರಿನ ಹಂಡೆಯ ಮುಂದೆ ಚಳಿಯಲ್ಲಿ ನಿಂತು ಸಂಧ್ಯಾವಂದನೆಗೆ ಹೊತ್ತಾಯಿತೆಂದು ಸಿಡುಕುತ್ತಿದ್ದ, ವಿಧವೆ ಮಗಳಿಗೆ ಗುಟ್ಟಾಗಿ ಇಂಗ್ಲಿಷ್ ಕಲಿಸಿದ, ಆದರೆ ಆಕೆಗೆ ಮತ್ತೆ ಮದುವೆ ಮಾಡುವ ಧೈರ್ಯ ಬಾರದೆ ಕೊನೆಗಾಲದಲ್ಲಿ ಅದಕ್ಕಾಗಿ ಕೊರಗಿದ ತಾತ ಇದ್ದಾರಲ್ಲ, ಅವರು ಹತ್ತಿರದವರು. ಅವರ ಸೋಲು ತಿಳಿದ ಮೇಲೂ ಉಳಿಯುವ ಪ್ರೀತಿಯೇ ಪ್ರೀತಿ. ಸೋಲು ತಿಳಿಯದಂತೆ ಕಾಪಾಡಿಕೊಂಡ ಪ್ರೀತಿ ಬಿರುದಿಗೆ ಸಲ್ಲುತ್ತದೆ, ಮನುಷ್ಯನಿಗೆ ಮುಟ್ಟುವುದಿಲ್ಲ.

ಆ ಲೋಕವನ್ನು ಕಣ್ಣಾರೆ ಕಂಡವರಲ್ಲಿ ಈಗ ಉಳಿದಿರುವವರು ತೊಂಬತ್ತರ ಆಸುಪಾಸಿನವರು, ಹೆಚ್ಚಾಗಿ ಅಜ್ಜಿಯರು. ಅವರ ಹತ್ತಿರ ಕೂತು ದಿವಾನರು ಯಾವಾಗ ಮನೆಗೆ ಬಂದಿದ್ದರು ಎಂದು ಕೇಳಿದ್ದು ಸಾಕು. ಹಿಂದಿನ ಸಾಲಿನಲ್ಲಿ ನಿಂತ ಹೆಂಗಸರ ಹೆಸರು ಕೇಳಬೇಕು. ಯಾವ ಅತ್ತೆ ಎಷ್ಟನೆಯ ವಯಸ್ಸಿನಲ್ಲಿ ತಲೆ ಬೋಳಿಸಿಕೊಂಡರು, ನೀರು ಸೇದುತ್ತಿದ್ದವರು ಯಾರು, ಅವರಿಗೆ ಊಟ ಎಲ್ಲಿ ಹಾಕುತ್ತಿದ್ದರು, ಯಾರು ಹಿತ್ತಲ ಬಾಗಿಲಿನಿಂದಷ್ಟೇ ಬರಬೇಕಿತ್ತು ಎಂದು ಕೇಳಬೇಕು. ಸಿಕ್ಕ ಹೆಸರನ್ನು ತಾತನ ಹೆಸರಿನ ಪಕ್ಕದಲ್ಲೇ ಬರೆದಿಡಬೇಕು, ಮಕ್ಕಳಿಗೆ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಬೇಕು. ಅಂತಸ್ತು ಅವರೊಂದಿಗೇ ಮುಗಿಯಿತು, ಮುಗಿದದ್ದು ಒಳ್ಳೆಯದಾಯಿತು. ಅದರಿಂದ ಬಂದ ಓದು, ಮನೆ, ಆತ್ಮವಿಶ್ವಾಸ ನಮ್ಮಲ್ಲಿ ಇರುವವರೆಗೆ ಅವನ್ನು ಸಾಧ್ಯವಾಗಿಸಿದವರಿಗೆಲ್ಲ ನಾವು ಲೆಕ್ಕ ಒಪ್ಪಿಸಬೇಕಾಗಿದೆ. ಆ ಲೆಕ್ಕ ಒಪ್ಪಿಸಲು ಸಿದ್ಧರಾದವರು ಮಾತ್ರ ತಮ್ಮ ಹಿರಿಯರನ್ನು ತಲೆ ತಗ್ಗಿಸದೆ ಪ್ರೀತಿಸಬಲ್ಲರು.